ನಾಲ್ಕನೇ ಕಾಲಂ

ಆಗಸ್ಟ್ 30, ಶನಿವಾರ

ಹನ್ನೊಂದು ವರ್ಷ, ನಲವತ್ತೆರಡು ಅರ್ಜಿ. ಕೊನೆಗೂ ಇವತ್ತು ಸಾರಿಗೆ ಕಚೇರಿಯ ಅಧಿಕಾರಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ನಮ್ಮ ವರಾಂಡದಲ್ಲಿ ಕೂತರು. ನಾನು ಎದ್ದು ನಿಲ್ಲಲಿಲ್ಲ. ನೀರು ಕೊಡುವುದಕ್ಕೂ ಸ್ವಲ್ಪ ಹೊತ್ತು ಬಿಟ್ಟೆ. ನಮ್ಮ ದಾರಿ ಎಂಥದ್ದೆಂದು ಅವರ ಗಂಟಲಿಗೂ ಗೊತ್ತಾಗಲಿ.

ಸೋಮವಾರದಿಂದ ಹನ್ನೆರಡು ಸೀಟಿನ ವ್ಯಾನು ಬರುತ್ತದಂತೆ. ಬೆಳಿಗ್ಗೆ ಏಳಕ್ಕೆ ಇಲ್ಲಿಂದ ಪೇಟೆಗೆ, ಸಂಜೆ ಐದಕ್ಕೆ ಪೇಟೆಯಿಂದ ಇಲ್ಲಿಗೆ. ಹೋಗುವವರ ಹೆಸರನ್ನು ಹಿಂದಿನ ದಿನ ಸಂಜೆ ನಾಲ್ಕರೊಳಗೆ ಕಚೇರಿಗೆ ಫೋನ್ ಮಾಡಿ ಹೇಳಬೇಕು. ಹೆಸರಿಲ್ಲದ ದಿನ ವ್ಯಾನು ಗುಡ್ಡ ಹತ್ತುವುದಿಲ್ಲ. ಮೂರು ತಿಂಗಳ ಪರೀಕ್ಷೆ. ದಿನಕ್ಕೆ ಸರಾಸರಿ ಎಂಟು ಜನ ಹತ್ತಿದರೆ ವ್ಯಾನು ಉಳಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ.

"ಹೆಸರು ಬರೆದುಕೊಳ್ಳೋ ಕೆಲಸ ಊರಲ್ಲಿ ಯಾರು ವಹಿಸ್ಕೊಳ್ತೀರಿ?" ಎಂದು ಕೇಳಿದರು.

"ಅದನ್ನೂ ಕೇಳ್ಬೇಕಾ?" ಎಂದು ಕೈ ಚಾಚಿ ನಮೂನೆಯ ಹಾಳೆ ಇಸಿದುಕೊಂಡೆ. ಮೂರು ಕಾಲಂ: ಕ್ರಮಸಂಖ್ಯೆ, ಹೆಸರು, ಹತ್ತುವ ಜಾಗ. ಇಷ್ಟಕ್ಕೆ ಹೈಸ್ಕೂಲು ಓದಿದವಳು ಬೇಕಾಗಿಲ್ಲ. ಆದರೂ ನನ್ನ ಅಕ್ಷರದಲ್ಲೇ ಇರಲಿ.

ಅವರು ಹೋದ ಮೇಲೆ ಕಡತ ತೆಗೆದು ಆರು ವರ್ಷದ ಹಿಂದಿನ ಪತ್ರವನ್ನು ಇನ್ನೊಮ್ಮೆ ಓದಿದೆ. ಒಂದೇ ಸಾಲು: "ಸ್ಥಳ ಪರಿಶೀಲಿಸಲಾಗಿದ್ದು, ಅಗತ್ಯ ಕಂಡುಬಂದಿಲ್ಲ." ನನ್ನ ಗಂಡನಿಗೆ ಎದೆನೋವು ಬಂದ ದಿನ ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿ, ಯಾವುದಾದರೂ ಗಾಡಿ ಬರಲೆಂದು ಎರಡು ಗಂಟೆ ಕಾದಿದ್ದೆವು. ಗಾಡಿ ಬರುವಷ್ಟರಲ್ಲಿ ಅವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಆ ಕಚೇರಿಯ ಕಣ್ಣಿಗೆ ಅದು ಅಗತ್ಯವಾಗಿ ಕಂಡಿರಲಿಲ್ಲ.

"ಅಗತ್ಯ ಕಂಡುಬಂದಿದೆ" ಎಂದು ಅದೇ ಕಚೇರಿಯಿಂದ ಬರೆಸಿಕೊಳ್ಳುತ್ತೇನೆ. ಕಟ್ಟು ಹಾಕಿಸಿ ಅವರ ಫೋಟೋದ ಪಕ್ಕ ನೇತುಹಾಕುತ್ತೇನೆ.

ಸೆಪ್ಟೆಂಬರ್ 1, ಸೋಮವಾರ

ವ್ಯಾನು ಬಂತು. ಹನ್ನೆರಡು ಸೀಟೂ ಭರ್ತಿ. ಸ್ಟಾಪಿನ ತಗಡಿನ ಮಾಡಿನ ಕೆಳಗೆ ಬಡಗಿ ಒಂದು ಬೆಂಚು ತಂದು ಇಟ್ಟಿದ್ದ. ಯಾರೂ ಹೇಳಿರಲಿಲ್ಲ. ಅವನು ನನ್ನ ಗಂಡನ ಜೊತೆ ಬೆಳೆದವನು, ಈಗ ಕೈ ನಡುಗುತ್ತದೆ, ಆದರೂ ಬೆಂಚಿನ ನಾಲ್ಕು ಕಾಲೂ ನೆಲಕ್ಕೆ ಸಮನಾಗಿ ಕೂತಿವೆ.

ಎಲ್ಲರೂ ನನ್ನ ಹತ್ತಿರ ಬಂದು ಮಾತಾಡಿಸಿದರು. ಒಬ್ಬಳು ಕಣ್ಣೊರೆಸಿಕೊಂಡಳು. ನಾನು, "ಸರಿ ಸರಿ, ಹತ್ತು, ಹೊತ್ತಾಯ್ತು," ಎಂದೆ.

ವ್ಯಾನಿನ ಡ್ರೈವರ್ ಕೆಳಗಿನ ಊರಿನವನು, ಬಾಯಿ ಸುಮ್ಮನಿರುವುದಿಲ್ಲ. "ಅಮ್ಮಾ, ಆ ಮೊಣಕೈ ತಿರುವಲ್ಲಿ ಅಂಚಿನ ಕಲ್ಲು ಮೂರು ಬಿದ್ದಿವೆ. ಕೆಳಗೆ ನೋಡಿದ್ರೆ ತಳವೇ ಕಾಣಲ್ಲ," ಎಂದ. ಮೇಲಿನ ಕಲ್ಲುಕ್ವಾರಿಯ ಟಿಪ್ಪರುಗಳು ಕೆಡವಿದ್ದು ಎಂದೆ. "ನೀನು ನೋಡಬೇಡ, ರಸ್ತೆ ನೋಡು" ಎಂದೂ ಹೇಳಿದೆ.

ಸೆಪ್ಟೆಂಬರ್ 3, ಬುಧವಾರ

ಇವತ್ತು ಸಂಜೆ ಡ್ರೈವರ್ ಹೇಳಿದ: "ನಿಮ್ಮೂರೋರು ಸಂತೋಷವಾಗಿದ್ದಾರೆ ಅಮ್ಮಾ. ದಾರಿಯುದ್ದಕ್ಕೂ ಹರಟೆ, ನಗು. ಕ್ವಾರಿಯವಳು ಒಬ್ಬಳು ಬಳೆ ಕೊಳ್ಳೋಕೇ ಬಂದಿದ್ಲಂತೆ."

ನನಗೆ ನಗು ಬರಲಿಲ್ಲ. ಬಳೆ! ಇದು ಆ ಕಚೇರಿಯ ಕಿವಿಗೆ ಬಿದ್ದರೆ? ಹನ್ನೊಂದು ವರ್ಷ ನಾನು ಅಗತ್ಯ ಅಗತ್ಯ ಎಂದು ಬರೆದದ್ದು ಬಳೆಗೋಸ್ಕರವೇ? ತಲೆ ಎಣಿಸುವವರ ಬಾಯಿ ಮುಚ್ಚಿಸಬೇಕಾದರೆ ಪ್ರತಿ ತಲೆಯ ಎದುರಿಗೂ ಒಂದು ಗಟ್ಟಿ ಕಾರಣ ಇರಬೇಕು.

ಹೊಸ ನೋಟುಪುಸ್ತಕ ತೆಗೆದು, ಸ್ಕೇಲಿಟ್ಟು ನಾಲ್ಕು ಕಾಲಂ ಎಳೆದೆ. ನಾಲ್ಕನೆಯದರ ತಲೆಯ ಮೇಲೆ ದಪ್ಪಕ್ಷರದಲ್ಲಿ "ಕಾರಣ" ಎಂದು ಬರೆದೆ. ಗೆರೆ ಒಂದೂ ಸೊಟ್ಟಗಾಗಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಹೆಸರು ಬರೆಸುವ ಹೊತ್ತು ಮಧ್ಯಾಹ್ನ ಎರಡರಿಂದ ಮೂರೂವರೆ. ಗೇಟಿನ ಬಳಿ ನನ್ನ ಗಂಡನ ಆ ಕುರ್ಚಿಯಲ್ಲೇ ಕೂರುತ್ತೇನೆ. ಬಂದವರು ಸಾಲಾಗಿ ನಿಲ್ಲುತ್ತಾರೆ. ಕಾರಣ ಗಟ್ಟಿಯಾಗಿ ಹೇಳಬೇಕೆಂದು ಮಾಡಿದ್ದೇನೆ, ನಾಲ್ಕು ಜನರ ಎದುರಿಗೆ ಸುಳ್ಳು ಹೇಳುವುದು ಕಷ್ಟ.

ಇವತ್ತು ಬಡಗಿ ಬಂದ.

"ನಂದೊಂದು ಬರ್ಕೊಳ್ಳಮ್ಮ, ನಾಳೆಗೆ."

"ಕಾರಣ?"

"ಸುಮ್ಮನೆ."

"ಸುಮ್ಮನೆ ಅಂದ್ರೆ?"

"ಸುಮ್ಮನೆ ಅಂದ್ರೆ ಸುಮ್ಮನೆ. ಪೇಟೆ ನೋಡಿ ಎರಡು ವರ್ಷ ಆಯ್ತು. ಒಂದು ಕಡೆ ಕೂತು ಜನ ಓಡಾಡೋದು ನೋಡ್ಕೊಂಡು ಬರ್ತೀನಿ."

ಸಾಲಿನಲ್ಲಿದ್ದವರು ನಕ್ಕರು. ನಾನು ಬರೆದೆ: ಬಡಗಿ, ಸ್ಟಾಪು, ಸುಮ್ಮನೆ. ಎದುರಿಗೆ "ಇಲ್ಲ" ಎಂದು ಹಾಕಿ ಗೆರೆ ಎಳೆದೆ. ಅವನೂ ನಕ್ಕ. "ನಾನು ಮಾಡಿದ ಬೆಂಚಿನ ಮೇಲೆ ಕೂರೋಕೂ ಕಾರಣ ಬೇಕಾ?" ಎಂದ.

"ಅದಕ್ಕೆ ಬೇಡ," ಎಂದೆ. ನ್ಯಾಯ ಅಂದರೆ ನ್ಯಾಯ. ನನ್ನ ಗಂಡನ ಸ್ನೇಹಿತನೆಂದು ಬಿಟ್ಟರೆ ನಾಳೆ ಊರೇ ಸುಮ್ಮನೆ ಹೊರಡುತ್ತದೆ.

ಸೆಪ್ಟೆಂಬರ್ 17, ಬುಧವಾರ

ಒಂಬತ್ತು ಹೆಸರು. ಫೋನಿನಲ್ಲಿ ಕಚೇರಿಯ ಗುಮಾಸ್ತೆಗೆ ಹೆಸರಿನ ಜೊತೆ ಕಾರಣಗಳನ್ನೂ ಓದತೊಡಗಿದೆ. "ಹೆಸರು ಸಾಕಮ್ಮ," ಎಂದಳು. ಅವಳಿಗೆ ಕೆಲಸ ಮುಗಿದರೆ ಸಾಕು. ಇದೆಲ್ಲ ಒಂದು ದಿನ ನೋಟುಪುಸ್ತಕ ಬಿಚ್ಚಿ ತೋರಿಸಿದಾಗ ಗೊತ್ತಾಗುತ್ತದೆ.

ಊರಲ್ಲಿ ನನಗೆ "ಚೆಕ್‌ಪೋಸ್ಟ್" ಎಂದು ಹೆಸರಿಟ್ಟಿದ್ದಾರಂತೆ. ಮಗ ಊಟಕ್ಕೆ ಕೂತಾಗ ತಡವರಿಸುತ್ತ ಹೇಳಿದ. ನನಗೇನೂ ಬೇಸರವಾಗಲಿಲ್ಲ. ಚೆಕ್‌ಪೋಸ್ಟ್ ಇಲ್ಲದ ರಸ್ತೆಯಲ್ಲಿ ಏನೇನು ಸಾಗುತ್ತದೆಂದು ಎಲ್ಲರಿಗೂ ಗೊತ್ತು.

"ಅಮ್ಮ, ಆ ಕಾಲಂ ತೆಗೆದುಬಿಡಿ," ಎಂದ ಮಗ.

"ನೀನು ನಿನ್ನ ಕ್ವಾರಿಯಲ್ಲಿ ಲಾರಿ ತೂಕ ಹಾಕು. ಇದು ನನ್ನ ತೂಕ," ಎಂದೆ. ಅವನು ಕ್ವಾರಿಯ ತೂಕದ ಕಟ್ಟೆಯಲ್ಲಿ ಗುಮಾಸ್ತ. ಸೊಸೆ ತಲೆಯೆತ್ತದೆ ತಟ್ಟೆ ನೋಡುತ್ತಿದ್ದಳು.

ಸೆಪ್ಟೆಂಬರ್ 26, ಶುಕ್ರವಾರ

ಏಳು. ಬಿಟ್ಟುಹೋದವರು ಬಿಟ್ಟುಹೋಗಲಿ, ಉಳಿದದ್ದು ಕಾಳು.

ಸೊಸೆಯ ಹೊಲಿಗೆ ಮಷಿನು ಎರಡು ದಿನದಿಂದ ಸದ್ದು ಮಾಡುತ್ತಿಲ್ಲ. ಶಾಲೆಯ ಯೂನಿಫಾರಂ ಬಟ್ಟೆ ಹಾಗೇ ಗಂಟುಕಟ್ಟಿ ಬಿದ್ದಿದೆ. ಕೇಳಿದರೆ, "ಮಾಡ್ತೀನಿ ಅತ್ತೆ," ಎನ್ನುತ್ತಾಳೆ. ಮೈಗಳ್ಳತನ ಅವಳಲ್ಲಿ ಹಿಂದೆ ಇರಲಿಲ್ಲ.

ಅಕ್ಟೋಬರ್ 6, ಸೋಮವಾರ

ಒಂದು ಹೊಸ ಸದ್ದು. ಬೆಳಿಗ್ಗೆ ಆರೂಕಾಲಿಗೆ, ಇನ್ನೂ ಬೆಳಕು ಸರಿಯಾಗಿ ಬಿಡದ ಹೊತ್ತಿಗೆ, ನಮ್ಮ ಗೇಟಿನ ಮುಂದೆ ಹೆಜ್ಜೆಗಳು. ಇಬ್ಬರಲ್ಲ, ಮೂವರಲ್ಲ. ಗೇಟು ಸಮೀಪಿಸುವವರೆಗೆ ಮಾತು ಕೇಳುತ್ತದೆ, ಗೇಟಿನ ಎದುರು ಮಾತು ನಿಲ್ಲುತ್ತದೆ, ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ನಾನು ಕಿಟಕಿ ತೆರೆಯುವಷ್ಟರಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಕ್ವಾರಿಯಲ್ಲಿ ಹೊಸ ಕೆಲಸಕ್ಕೆ ಜನ ತೆಗೆದುಕೊಂಡಿರಬೇಕು.

ಐದು ಹೆಸರು.

ಅಕ್ಟೋಬರ್ 8, ಬುಧವಾರ

ಬರೆದಿಡಲೇಬೇಕಾದ ದಿನ.

ಮಧ್ಯಾಹ್ನ ಸಾಲಿನಲ್ಲಿ ಮೂವರಿದ್ದರು. ಅವರ ಹಿಂದೆ ನನ್ನ ಸೊಸೆ ಬಂದು ನಿಂತಳು. ಮನೆಯೊಳಗೆ ಕೇಳದೆ, ಗೇಟಿನಿಂದ ಹೊರಗೆ ಹೋಗಿ, ಸುತ್ತಿ ಬಂದು, ಹೊರಗಿನವಳ ಹಾಗೆ ನಿಂತಳು. ಅಷ್ಟು ಮಟ್ಟಿಗೆ ಶಿಸ್ತು ಕಲಿತಿದ್ದಾಳೆಂದು ಒಳಗೊಳಗೆ ಖುಷಿಯಾಯಿತು.

"ಅತ್ತೆ, ಮುಂದಿನ ಬುಧವಾರಕ್ಕೆ ನನಗೊಂದು ಸೀಟು."

"ಕಾರಣ?"

"ಕೆಲಸ ಇದೆ."

"ಕೆಲಸ ಎಲ್ಲರಿಗೂ ಇದೆ. ಏನು ಕೆಲಸ?"

ಅವಳು ಸಾಲಿನ ಕಡೆ ನೋಡಿದಳು. ಎಡಗೈ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದಳು, ಚಳಿಯಾದವರ ಹಾಗೆ. "ಒಳಗೆ ಬನ್ನಿ ಅತ್ತೆ, ಹೇಳ್ತೀನಿ," ಎಂದಳು, ನನಗೊಬ್ಬಳಿಗೇ ಕೇಳುವಂತೆ.

ಒಳಗೆ! ಎಲ್ಲರೂ ಹೊರಗೆ ಹೇಳಬೇಕು, ನನ್ನ ಮನೆಯವಳು ಮಾತ್ರ ಒಳಗೆ ಹೇಳಬೇಕೇ? ಮೂರು ಜೊತೆ ಕಣ್ಣು ನನ್ನ ಮೇಲಿದ್ದವು. "ಇಲ್ಲೇ ಹೇಳು. ಹೇಳೋಕಾಗದ ಕೆಲಸ ಇದ್ರೆ ವ್ಯಾನು ಬೇಡ," ಎಂದೆ.

ಅವಳು ಹೇಳಲಿಲ್ಲ. ಬರೆದೆ: ಸೊಸೆ, ಸ್ಟಾಪು, ಕೆಲಸ. ಇಲ್ಲ.

ಸಾಲಿನಲ್ಲಿದ್ದವರ ಮುಖ ನೋಡಬೇಕಿತ್ತು. ಇನ್ನು ಮೇಲೆ ಈ ಊರಲ್ಲಿ ಪಕ್ಷಪಾತ ಎಂದು ಯಾರೂ ಬಾಯಿ ಬಿಡಲಾರರು.

ಸಂಜೆ ಮಗ ನನ್ನ ಜೊತೆ ಮಾತಾಡಲಿಲ್ಲ. ಹೆಂಡತಿಯ ದುಃಖ ಗಂಡನಿಗೆ ಬೇಗ ಅಂಟುತ್ತದೆ.

ಅಕ್ಟೋಬರ್ 15, ಬುಧವಾರ

ಸೊಸೆ ಬೆಳಿಗ್ಗೆಯಿಂದ ಮನೆಯಲ್ಲಿರಲಿಲ್ಲ. ತವರಿನ ಅಕ್ಕನ ಮನೆಗೆ ಹೋಗಿದ್ದಾಳೆ ಎಂದ ಮಗ. ಹೇಗೆ ಹೋದಳು ಎಂದೆ. "ಹೋದಳು," ಎಂದ. ಸಂಜೆ ಬಂದಾಗ ಅವಳ ಸೀರೆಯ ತುಂಬ ಬಿಳಿ ಕಲ್ಲುಪುಡಿ. ಮುಖ ಊದಿಸಿಕೊಂಡು ನೇರ ಮಲಗಲು ಹೋದಳು. ಊಟಕ್ಕೂ ಏಳಲಿಲ್ಲ.

ಹಠ ಅವಳಿಗೂ ಇದೆ. ಇರಲಿ. ನನ್ನದು ಹಳೆಯ ಹಠ.

ನಾಲ್ಕು ಹೆಸರು. ನಾಲ್ಕೂ ಚಿನ್ನದಂಥ ಕಾರಣ: ಕೋರ್ಟು, ಹಲ್ಲು ಕೀಳಿಸುವುದು, ಪಿಂಚಣಿ, ಮಗುವಿನ ಲಸಿಕೆ.

ಅಕ್ಟೋಬರ್ 29, ಬುಧವಾರ

ಅಧಿಕಾರಿ ಫೋನ್ ಮಾಡಿದ್ದರು. "ಏನಮ್ಮಾ, ನಿಮ್ಮೂರೋರು ಮನೆ ಬಿಟ್ಟು ಹೊರಡೋದೇ ನಿಲ್ಲಿಸಿಬಿಟ್ರಾ? ಮೊದಲ ತಿಂಗಳು ಹತ್ತರ ಹತ್ತಿರ ಇತ್ತು, ಈ ತಿಂಗಳು ನಾಲ್ಕು ದಾಟ್ತಾ ಇಲ್ಲ."

"ಅಗತ್ಯ ಇದ್ದವರು ಹೋಗ್ತಾ ಇದ್ದಾರೆ," ಎಂದೆ.

"ಸರಾಸರಿ ಎಂಟು ಅಮ್ಮಾ. ನಾನು ಇಲ್ಲ ಅಂತ ಬರೀಬೇಕಾಗುತ್ತೆ. ನವೆಂಬರ್ ಇಪ್ಪತ್ತಾರಕ್ಕೆ ನಾನೇ ಬಂದು ಎಣಿಸ್ತೀನಿ. ಅವತ್ತಾದರೂ ಜನ ಸೇರಿಸಿ."

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಗಂಡನ ಫೋಟೋದ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಪತ್ರ ನೇತುಹಾಕಲೆಂದು ಹೊಡೆಸಿಟ್ಟ ಮೊಳೆ ಹಾಗೇ ಇದೆ. ಸೊಸೆ ಒಳಗಿನಿಂದ ನೋಡುತ್ತಿದ್ದಳು. ತುಂಬ ಇಳಿದುಹೋಗಿದ್ದಾಳೆ, ರವಿಕೆಯ ತೋಳು ಜೋಲುತ್ತದೆ. ಇವತ್ತೂ ಸೀರೆಯಲ್ಲಿ ಕಲ್ಲುಪುಡಿ.

ನವೆಂಬರ್ 4, ಮಂಗಳವಾರ

ವ್ಯಾನು ಇಬ್ಬರನ್ನು ಹತ್ತಿಸಿಕೊಂಡು ಹೋಯಿತು. ಡ್ರೈವರ್ ಎಂಜಿನ್ ನಿಲ್ಲಿಸದೆ ನನ್ನನ್ನು ಕರೆದ. ನಗು ಇರಲಿಲ್ಲ ಅವನ ಮುಖದಲ್ಲಿ.

"ಅಮ್ಮಾ, ನಿಮಗೆ ಗೊತ್ತಿದೆಯೋ ಇಲ್ವೋ. ಕ್ವಾರಿಯ ಮೊದಲ ಟಿಪ್ಪರ್ ಬೆಳಿಗ್ಗೆ ಡೀಸೆಲ್ ಹಾಕಿಸೋಕೆ ಖಾಲಿ ಇಳಿಯುತ್ತಲ್ಲ, ಅದರ ತುಂಬ ನಿಮ್ಮೂರೋರೇ. ಹಿಂದೆ, ಕಲ್ಲು ಹಾಕೋ ತೊಟ್ಟಿಯಲ್ಲಿ, ನಿಂತ್ಕೊಂಡು. ಹಿಡ್ಕೊಳ್ಳೋಕೆ ಒಬ್ಬರನ್ನೊಬ್ಬರು ಬಿಟ್ರೆ ಏನೂ ಇಲ್ಲ."

"ಯಾಕೆ ಹಾಗೆ ಹೋಗ್ತಾರೆ?"

ಅವನು ನನ್ನನ್ನೇ ನೋಡಿದ. "ಅಲ್ಲಿ ಯಾರೂ ಏನೂ ಕೇಳಲ್ಲ ಅಮ್ಮಾ," ಎಂದು ಗೇರು ಹಾಕಿದ.

ಬಿಟ್ಟಿ ಸವಾರಿ ಎಂದರೆ ಜನಕ್ಕೆ ಆಸೆ. ಅಷ್ಟೇ.

"ಆ ಟಿಪ್ಪರ್ ಬ್ರೇಕು ತಿರುವಲ್ಲಿ ಕಿರುಚುತ್ತೆ," ಎಂದೂ ಹೇಳಿದ, ಹೋಗುತ್ತ ಹೋಗುತ್ತ. "ಅಂಚಿನ ಕಲ್ಲು ಈಗ ಐದು ಬಿದ್ದಿವೆ."

ನವೆಂಬರ್ 5, ಬುಧವಾರ

ಮಗನನ್ನು ಕೇಳಿದೆ, ಟಿಪ್ಪರಿನಲ್ಲಿ ಜನ ಹೋಗುವುದು ನಿನಗೆ ಗೊತ್ತೇ ಎಂದು. ಗೊತ್ತು ಎಂದ. ತಡೆಯಬಾರದೇ ಎಂದೆ.

"ತಡೆದು ಎಲ್ಲಿಗೆ ಕಳಿಸಲಿ ಅಮ್ಮ? ನಿಮ್ಮ ಕುರ್ಚಿ ಹತ್ತಿರಕ್ಕಾ?"

ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಅವನ ಅಪ್ಪ ಒಂದು ದಿನವೂ ನನಗೆ ಎದುರು ಮಾತಾಡಿದವರಲ್ಲ. ನಾನು ತಟ್ಟೆ ಸರಿಸಿ ಎದ್ದೆ.

ನವೆಂಬರ್ 12, ಬುಧವಾರ

ಹೆಸರು ಬರೆಸಲು ಯಾರೂ ಬರಲಿಲ್ಲ. ಎರಡರಿಂದ ಮೂರೂವರೆಯವರೆಗೆ ಕುರ್ಚಿಯಲ್ಲಿ ಕೂತೇ ಇದ್ದೆ. ರಸ್ತೆಯ ಆಚೆ ಬದಿಯಲ್ಲಿ ಇಬ್ಬರು ಹೆಂಗಸರು ಬಂದರು, ನನ್ನನ್ನು ಕಂಡು ತಲೆ ತಗ್ಗಿಸಿ ನಡಿಗೆ ಚುರುಕು ಮಾಡಿದರು.

ಊರು ಶಿಸ್ತಿಗೆ ಬಂದಿದೆ. ಅಗತ್ಯ ಇಲ್ಲದೆ ಯಾರೂ ಹೊರಡುತ್ತಿಲ್ಲ.

ಬರೆದ ಮೇಲೆ ಈ ಸಾಲನ್ನು ಇನ್ನೊಮ್ಮೆ ಓದಿದೆ. ಹೊಡೆದುಹಾಕಬೇಕೆನಿಸಿತು. ನಾನು ಬರೆದದ್ದನ್ನು ಹೊಡೆದುಹಾಕುವವಳಲ್ಲ.

ನವೆಂಬರ್ 19, ಬುಧವಾರ

ಮನೆಮನೆಗೆ ಹೋದೆ. ನನ್ನ ವಯಸ್ಸಿಗೆ, ನನ್ನ ಜಾಯಮಾನಕ್ಕೆ, ಇದು ಸಣ್ಣ ಮಾತಲ್ಲ. ಇಪ್ಪತ್ತಾರಕ್ಕೆ ಅಧಿಕಾರಿ ಎಣಿಸುತ್ತಾರೆ, ಮನೆಗಿಬ್ಬರು ಬನ್ನಿ, ಕಾರಣ ಕೇಳುವುದಿಲ್ಲ ಅವತ್ತು ಎಂದೆ. ಎಲ್ಲರೂ, "ಆಗಲಿ ಅಮ್ಮ, ನೋಡೋಣ ಅಮ್ಮ," ಎಂದರು. ಬಾಗಿಲಲ್ಲೇ ನಿಂತು ಹೇಳಿದರು. ಯಾರೂ ಒಳಗೆ ಕರೆಯಲಿಲ್ಲ.

ಬಡಗಿ ಮಾತ್ರ ಬೆಂಚಿನ ಮೇಲೆ ಸಿಕ್ಕಿದ. "ನೀನಾದರೂ ಬಾ," ಎಂದೆ.

"ನಾನು ಹೇಗೂ ಪೇಟೆಗೆ ಹೋಗ್ತಾ ಇದ್ದೀನಲ್ಲಮ್ಮ ವಾರಕ್ಕೊಂದು ಸಲ. ಆ ತೊಟ್ಟಿಯಲ್ಲಿ ನಿಂತ್ರೆ ಗಾಳಿ ಚೆನ್ನಾಗಿ ಬರುತ್ತೆ," ಎಂದು ನಕ್ಕ. "ನನಗೊಬ್ಬನಿಗೆ ಹಿಡ್ಕೊಳ್ಳೋಕೆ ಅಂತ ಒಂದು ಹಗ್ಗ ಕಟ್ಟಿದ್ದಾರೆ. ನೋಡು, ಎಂಥ ಮರ್ಯಾದೆ!"

"ಆ ತಿರುವಲ್ಲಿ ಭಯ ಆಗಲ್ವಾ?"

"ಆಗುತ್ತೆ. ಕಣ್ಣು ಮುಚ್ಕೊಳ್ತೀವಿ ಎಲ್ಲರೂ," ಎಂದ. ಆಮೇಲೆ ಬೆಂಚಿನ ಅಂಚು ಸವರುತ್ತ, "ನಿನ್ನ ಸೊಸೆ ಮುಚ್ಚಲ್ಲ," ಎಂದ.

ಏನೂ ಕೇಳದೆ ಮನೆಗೆ ಬಂದೆ. ಸೊಸೆ ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ನೀನು ಟಿಪ್ಪರಿನಲ್ಲಿ ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಬೇಕೆಂದು ಬಾಯಿ ತೆರೆದೆ. ಮುಂದಿನ ಬುಧವಾರ ನಿನ್ನ ಹೆಸರು ಬರೆಯಲಾ ಎಂದೂ ಕೇಳಬಹುದಿತ್ತು. "ದೀಪ ಹಾಕಿಕೊಂಡು ಕೂತ್ಕೋ, ಕಣ್ಣು ಹಾಳಾಗುತ್ತೆ," ಎಂದಷ್ಟೇ ಹೇಳಿದೆ.

ಅವಳಾಗಿ ಕೇಳಲಿ. ಒಂದು ಸಲ ಕೇಳಿದರೆ ಸಾಕು, ಬರೆಯುತ್ತೇನೆ.

ನವೆಂಬರ್ 25, ಮಂಗಳವಾರ

ನಾಳೆಗೆ ಹೆಸರು: ಯಾರದ್ದೂ ಇಲ್ಲ. ವ್ಯಾನು ಬರಲೆಂದು ನನ್ನ ಹೆಸರನ್ನೇ ಬರೆದೆ. ಕಾರಣ: ಎಣಿಕೆ.

ಸೊಸೆ ಕೇಳಲಿಲ್ಲ.

ನವೆಂಬರ್ 26, ಬುಧವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ದಿನಚರಿ ಮನೆಯಲ್ಲಿದೆ. ಕೈಯಲ್ಲಿರುವುದು ವ್ಯಾನಿನ ನೋಟುಪುಸ್ತಕ, ಅದರ ಹಿಂದಿನ ಹಾಳೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಆರೂಕಾಲಿಗೆ ಅಧಿಕಾರಿ ಸ್ಟಾಪಿಗೆ ಬಂದರು. ನಾನು ಆಗಲೇ ಬೆಂಚಿನ ಮೇಲಿದ್ದೆ. ಬೇರೆ ಯಾರೂ ಇರಲಿಲ್ಲ. ಮಂಜು ಇತ್ತು.

"ಇನ್ನೂ ಮುಕ್ಕಾಲು ಗಂಟೆ ಇದೆ, ಬರ್ತಾರೆ," ಎಂದೆ. ಹೊತ್ತು ಕಳೆಯಲೆಂದು ನೋಟುಪುಸ್ತಕ ಕೊಟ್ಟೆ. ಮೂರು ತಿಂಗಳಿನಿಂದ ಕಾಯುತ್ತಿದ್ದ ಗಳಿಗೆ ಅದು.

ಅವರು ಹಾಳೆ ತಿರುವಿದರು. "ಈ ನಾಲ್ಕನೇ ಕಾಲಂ ಏನಮ್ಮಾ? ನಾವು ಕೊಟ್ಟಿದ್ದು ಮೂರೇ ಅಲ್ವಾ?"

"ನಾನು ಹಾಕಿದ್ದು. ಅಗತ್ಯ ಗೊತ್ತಾಗಲಿ ಅಂತ."

"ಯಾರು ಕೇಳಿದ್ರು ಇದನ್ನ?"

"ನೀವೇ. ಆರು ವರ್ಷದ ಹಿಂದೆ."

ಅವರಿಗೆ ಅರ್ಥವಾಗಲಿಲ್ಲ. ಬೆರಳಿಟ್ಟು ಓದುತ್ತ ಹೋದರು. ನಾನು ಎಳೆದ ಗೆರೆಗಳ ಮೇಲೆ, "ಇಲ್ಲ"ಗಳ ಮೇಲೆ ಬೆರಳು ಸರಿಯುತ್ತಿತ್ತು. ಬಡಗಿ, ಸುಮ್ಮನೆ, ಇಲ್ಲ. ಸೊಸೆ, ಕೆಲಸ, ಇಲ್ಲ. ಆ ಬೆರಳು ಅಲ್ಲಿ ನಿಂತಿತು. "ನಿಮ್ಮ ಸೊಸೆಯಾ?" ಎಂದರು.

ಆಗ ಟಿಪ್ಪರ್ ಇಳಿದು ಬಂತು.

ಸ್ಟಾಪಿನ ಎದುರು ರಸ್ತೆ ಕಿರಿದು, ಅದು ನಿಧಾನ ಮಾಡಲೇಬೇಕು. ತೊಟ್ಟಿಯ ಅಂಚಿನ ಮೇಲೆ ತಲೆಗಳು ಕಂಡವು. ನಮ್ಮನ್ನು ನೋಡಿ ಒಂದೊಂದಾಗಿ ಮುಖ ಆಚೆ ತಿರುಗಿದವು. ಅಭ್ಯಾಸ ಬಿಡುವುದಿಲ್ಲ, ಎಣಿಸಿದೆ. ಇಪ್ಪತ್ತಮೂರು. ಬಡಗಿ ಹಗ್ಗ ಹಿಡಿದಿದ್ದ, ಅವನು ಕೈ ಎತ್ತಿ ಬೀಸಿದ. ಇಪ್ಪತ್ತಮೂರನೆಯವಳು ಹಿಂದಿನ ಮೂಲೆಯಲ್ಲಿ ಬಲಗೈಯಿಂದ ಕಬ್ಬಿಣದ ಅಂಚು ಹಿಡಿದು, ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದಳು. ಅವಳೊಬ್ಬಳೇ ಮುಖ ತಿರುಗಿಸಲಿಲ್ಲ. ನನ್ನನ್ನೇ ನೋಡುತ್ತ ಮಂಜಿನೊಳಗೆ ಹೋದಳು.

"ಜನ ಇದ್ದಾರಲ್ಲಮ್ಮ," ಎಂದರು ಅಧಿಕಾರಿ.

ನಾನು ಪೆನ್ನು ತೆಗೆದು ಆ ದಿನದ ಹಾಳೆಯಲ್ಲಿ 23 ಎಂದು ಬರೆದೆ. ಮೂರರ ಬಾಲ ಎಳೆಯುತ್ತಿದ್ದಾಗ ತಿರುವಿನ ಕಡೆಯಿಂದ ಬ್ರೇಕಿನ ಕಿರುಚು ಕೇಳಿತು. ಅದು ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ಆಮೇಲೆ ಒಂದು ಸದ್ದು. ಆಮೇಲೆ ಏನೂ ಇಲ್ಲ. ಹಕ್ಕಿಗಳೂ ಇಲ್ಲ. ಆಮೇಲೆ ಮನುಷ್ಯರ ದನಿ.

ನಾನು ಓಡಿದೆ. ಓಡಿ ಇಪ್ಪತ್ತು ವರ್ಷವಾಗಿತ್ತು. ತಿರುವಿನ ಅಂಚಿನಲ್ಲಿ ಟಿಪ್ಪರ್ ಮಗುಚಿ ಬಿದ್ದಿತ್ತು.

ಹನ್ನೆರಡು ಸೀಟಿನ ವ್ಯಾನು ಇವತ್ತು ಮೊದಲ ಬಾರಿಗೆ ಸೀಟು ಮೀರಿ ತುಂಬಿತು. ಡ್ರೈವರ್ ಮೂರು ಸಲ ಗುಡ್ಡ ಹತ್ತಿ ಇಳಿದ. ಯಾರನ್ನು ಮೊದಲು ಹತ್ತಿಸಬೇಕೆಂದು ಎಲ್ಲರೂ ನನ್ನ ಮುಖ ನೋಡಿದರು. ಹತ್ತಿರ ಇದ್ದವರನ್ನು ಎತ್ತಿ ಎಂದೆ.

ಬಡಗಿ ಉಳಿಯಲಿಲ್ಲ. ಹಗ್ಗ ಕೈಯಲ್ಲೇ ಇತ್ತು.

ಸೊಸೆ ಒಳಗಿದ್ದಾಳೆ. ಸೊಂಟ, ಎರಡು ಪಕ್ಕೆಲುಬು. ಮಗ ಗೋಡೆಗೆ ಹಣೆ ಒತ್ತಿ ನಿಂತಿದ್ದಾನೆ. ನರ್ಸು ಹೊರಗೆ ಬಂದು, "ಇವರು ನಮ್ಮಲ್ಲಿ ಮೊದಲೇ ತೋರಿಸ್ಕೊಳ್ತಾ ಇದ್ದಾರಲ್ಲ, ಬುಧವಾರದ ಕ್ಲಿನಿಕ್ಕಿಗೆ," ಎಂದು ಒಂದು ಫೈಲು ತೋರಿಸಿದಳು. ಎಡ ಎದೆಯಲ್ಲಿ ಗಂಟು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಇವತ್ತು ಕೈಗೆ ಸಿಗಬೇಕಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ನನ್ನ ಮಗ.

ಮೂರು ಜನರ ಎದುರಿಗೆ, ಗೇಟಿನ ಬಳಿ, ಗಟ್ಟಿಯಾಗಿ ಹೇಳು ಎಂದಿದ್ದೆ.

ನವೆಂಬರ್ 27, ಗುರುವಾರ

ಪೊಲೀಸಿನವನು ಮನೆಗೆ ಬಂದ, ಜೊತೆಗೆ ಕ್ವಾರಿಯ ಮ್ಯಾನೇಜರ್. ಟಿಪ್ಪರಿನಲ್ಲಿ ಜನರೇ ಇರಲಿಲ್ಲ, ರಸ್ತೆ ಬದಿ ನಡೆದುಹೋಗುತ್ತಿದ್ದವರಿಗೆ ಅದು ತಾಗಿತು ಎಂದು ಮ್ಯಾನೇಜರ್ ಹೇಳಿಕೆ. ಮಗನ ಕಡೆ ನೋಡುತ್ತ ಹೇಳಿದ. ಮಗ ಮಾತಾಡುವ ಮೊದಲೇ ನಾನು ನೋಟುಪುಸ್ತಕ ತೆರೆದೆ.

"ಇಪ್ಪತ್ತಮೂರು. ಆರೂವರೆಗೆ. ನಾನೇ ಎಣಿಸಿದ್ದು. ಸಾರಿಗೆ ಅಧಿಕಾರಿ ಪಕ್ಕದಲ್ಲೇ ಇದ್ರು."

"ಮಂಜಿತ್ತಲ್ಲಮ್ಮ," ಎಂದ ಮ್ಯಾನೇಜರ್.

"ಮಂಜಿತ್ತು. ನಾನೂ ಇದ್ದೆ."

ಪೊಲೀಸಿನವನು ಹೆಸರು ಕೇಳಿದ. ಇಪ್ಪತ್ತಮೂರನ್ನೂ ಹೇಳಿದೆ, ನಿಂತಿದ್ದ ಕ್ರಮದಲ್ಲಿ. ಅವನ ನಮೂನೆಯಲ್ಲೂ ಒಂದು ಜಾಗವಿತ್ತು. "ಪ್ರಯಾಣದ ಕಾರಣ ಹಾಕ್ಬೇಕು. ಗೊತ್ತಿದ್ರೆ ಹೇಳಿ."

ಸೊಸೆಯದ್ದು ನಾನು ಹೇಳುವಂಥದ್ದಲ್ಲ. ಉಳಿದವರಲ್ಲಿ ಒಬ್ಬರದ್ದೂ ಗೊತ್ತಿರಲಿಲ್ಲ. ಒಬ್ಬನದ್ದು ಬಿಟ್ಟು.

"ಬಡಗಿ, ಸುಮ್ಮನೆ," ಎಂದೆ. "ಪೇಟೆ ನೋಡೋಕೆ."

ಪೆನ್ನು ಎತ್ತಿ ಹಿಡಿದ. "ಅದೂ ಒಂದು ಕಾರಣವಾ?"

"ಹೌದು. ಬರ್ಕೊಳ್ಳಿ."

ಡಿಸೆಂಬರ್ 8, ಸೋಮವಾರ

ಸೊಸೆಯನ್ನು ಮನೆಗೆ ಕರೆತಂದೆವು. ವರದಿ ಬಂದಿದೆ. ಒಳ್ಳೆಯದಲ್ಲ. ಸೊಂಟ ಸ್ವಲ್ಪ ಕೂಡಿಕೊಂಡ ಮೇಲೆ ವಾರಕ್ಕೊಮ್ಮೆ ಚಿಕಿತ್ಸೆಗೆ ಹೋಗಬೇಕು, ಎಷ್ಟು ವಾರ ಎಂದು ಡಾಕ್ಟರು ಹೇಳಲಿಲ್ಲ. ಎಂಟು ವಾರ ಮೊದಲು ಶುರುವಾಗಿದ್ದರೆ ಎಂದು ಏನೋ ಹೇಳಲು ಹೊರಟರು. ಮಗ, "ಸಾಕು ಡಾಕ್ಟ್ರೇ," ಎಂದ.

ಅವಳ ಹಾಸಿಗೆಯನ್ನು ನನ್ನ ಕೋಣೆಯಲ್ಲಿ ಹಾಕಿಸಿದೆ, ಅಲ್ಲಿ ಬೆಳಕು ಹೆಚ್ಚು. ತಲೆ ಬಾಚಲು ಕೂತಾಗ, "ಅತ್ತೆ, ಅವತ್ತು ನಾನು ಯಾಕೆ ಹೇಳಲಿಲ್ಲ ಅಂದ್ರೆ..." ಎಂದಳು.

ಕೂದಲ ಸಿಕ್ಕು ಬಿಡಿಸುತ್ತಿದ್ದೆ. ಮುಂದೆ ಹೇಳಲು ಬಿಡಲಿಲ್ಲ.

ಡಿಸೆಂಬರ್ 16, ಮಂಗಳವಾರ

ಕಚೇರಿಯಿಂದ ಪತ್ರ. ಸಾಧಾರಣ ಕಾಗದ, ನೀಲಿ ಮೊಹರು.

"ಸರಾಸರಿ ನಿಗದಿತ ಸಂಖ್ಯೆಗಿಂತ ಕಡಿಮೆಯಿದ್ದರೂ, ನವೆಂಬರ್ 26ರ ಸ್ಥಳ ಎಣಿಕೆಯಲ್ಲಿ ಇಪ್ಪತ್ತಮೂರು ಜನ ಅನ್ಯ ವಾಹನದಲ್ಲಿ ಪ್ರಯಾಣಿಸಿರುವುದು ದಾಖಲಾಗಿರುವುದರಿಂದ, ಸದರಿ ಮಾರ್ಗಕ್ಕೆ ವಾಹನದ ಅಗತ್ಯ ಕಂಡುಬಂದಿದೆ. ಸೇವೆಯನ್ನು ಕಾಯಂಗೊಳಿಸಲಾಗಿದೆ."

ಎರಡು ಸಲ ಓದಿದೆ. ಮಗ, "ಕಟ್ಟು ಹಾಕಿಸ್ಲಾ ಅಮ್ಮ?" ಎಂದು ಕೇಳಿದ. ವ್ಯಂಗ್ಯವೇನಲ್ಲ, ನಿಜವಾಗಿ ಕೇಳಿದ. ಬೇಡ ಎಂದೆ. ಇಕ್ಕಳ ತರಿಸಿ ಗೋಡೆಯ ಮೊಳೆ ಕೀಳಿಸಿದೆ. ಪತ್ರವನ್ನು ಆರು ವರ್ಷದ ಹಿಂದಿನದರ ಜೊತೆಯಲ್ಲೇ ಕಡತಕ್ಕೆ ಸೇರಿಸಿದೆ.

ಮಧ್ಯಾಹ್ನ ಎರಡಕ್ಕೆ ಕುರ್ಚಿಯನ್ನು ಗೇಟಿನಿಂದ ಒಳಗೆ ತಂದು ವರಾಂಡದಲ್ಲಿ ಇಟ್ಟೆ. ಹೆಸರು ಬರೆಸಲು ಬಡಗಿಯ ಹೆಂಡತಿ ಬಂದಳು, ಮೂರು ತಿಂಗಳಲ್ಲಿ ಮೊದಲ ಸಲ. ಮೆಟ್ಟಿಲ ಕೆಳಗೇ ನಿಂತು, ಸೆರಗು ಬಿಗಿಮಾಡಿಕೊಂಡು, "ನಾಳೆಗೆ ಒಂದು, ಅದು ಏನಂದ್ರೆ..." ಎಂದು ಶುರುಮಾಡಿದಳು. ಬಹಳ ಹೊತ್ತು ಬಾಯಿಪಾಠ ಮಾಡಿಕೊಂಡು ಬಂದಂತಿತ್ತು.

"ಹೆಸರು ಸಾಕು," ಎಂದೆ.

ಅವಳು ನಂಬಲಿಲ್ಲ. ಹೋಗುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದಳು.

ಆಮೇಲೆ ಇನ್ನೆರಡು ಹೆಸರು ನಾನೇ ಬರೆದೆ: ಸೊಸೆ, ನಾನು. ಹೊಸ ಹಾಳೆಗೆ ಗೆರೆ ಎಳೆಯುವಾಗ ಕೈ ಅಭ್ಯಾಸದಿಂದ ನಾಲ್ಕನೆಯ ಕಾಲಂ ಕೂಡ ಎಳೆದುಬಿಟ್ಟಿತ್ತು. ಗೆರೆ ಈ ಸಲ ಸ್ವಲ್ಪ ಸೊಟ್ಟ. ಇರಲಿ. ಅದರ ತಲೆಯ ಮೇಲೆ ಏನೂ ಬರೆಯಲಿಲ್ಲ.

ಮೂರೂವರೆಗೆ ಫೋನ್ ಮಾಡಿ ಮೂರು ಹೆಸರು ಹೇಳಿದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳನ್ನು ಎಬ್ಬಿಸಬೇಕು. ಬೆಂಚಿನವರೆಗೆ ನಡೆಸಿಕೊಂಡು ಹೋಗಬೇಕು. ಪೇಟೆಯ ದಾರಿಯಲ್ಲಿ ಆ ತಿರುವಿದೆ. ಅಲ್ಲಿ ಅವಳು ಕಣ್ಣು ಮುಚ್ಚುವುದಿಲ್ಲವಂತೆ. ನಾನು ಕಿಟಕಿಯ ಕಡೆ ಕೂರುತ್ತೇನೆ.